ಶೀಟಿನ ಮೇಲೆ ಮಳೆ: ಮನೆಯವರ ಹೆದರಿಕೆ ಇಳಿಸುವ ಬಗೆ

ನಮ್ಮ ದೊಡ್ಡಮ್ಮ ಜೂನ್ ಬಂತೆಂದರೆ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದರು. ಮಂಚದ ಕಾಲಿಗೆ ಒಂದು ಚೀಲ ಕಟ್ಟಿರುತ್ತಿತ್ತು. ಅದರಲ್ಲಿ ಆಧಾರ್ ಕಾರ್ಡು, ಆರ್‌ಟಿಸಿ, ಬಿಪಿ ಮಾತ್ರೆ, ಟಾರ್ಚು, ಒಂದು ಸೀರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರಿನ ಆಚೆ ಅವರ ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಜರಿದಾಗ ಬರಿಗಾಲಲ್ಲಿ ತೋಟದೊಳಗೆ ಓಡಿದ್ದರು. ಕೈಯಲ್ಲಿ ಇದ್ದದ್ದು ಕಾಫಿ ಸೋಸುವ ಜಾಲರಿ ಒಂದೇ. ಅದನ್ನು ಯಾಕೆ ಹಿಡಿದುಕೊಂಡಿದ್ದರು ಅಂತ ಅವರಿಗೇ ಗೊತ್ತಿಲ್ಲ.

ಈಗ ಅವರು ಇರುವುದು ಕುಶಾಲನಗರದಲ್ಲಿ, ಮಗನ ಮನೆಯಲ್ಲಿ. ಸಪಾಟು ಜಾಗ. ಹತ್ತಿರದಲ್ಲಿ ಬರೆ ಇಲ್ಲ, ಹೊಳೆ ಬದಿಯ ಬಡಾವಣೆಯೂ ಅಲ್ಲ. ಆದರೂ ಕಾರು ನಿಲ್ಲಿಸುವ ಕಡೆ ಹಾಕಿದ ಶೀಟಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಎದ್ದು ಕೂರುತ್ತಿದ್ದರು. ಬೆಳಗಿನವರೆಗೂ.

ನಾನು ಮೈಸೂರಿನಲ್ಲಿ ಮನಃಶಾಸ್ತ್ರದ ಸಂಶೋಧನೆ ಮಾಡುತ್ತೇನೆ. ಮನುಷ್ಯರು ಹೆದರಿಕೆಯನ್ನು ಹೇಗೆ ಕಲಿಯುತ್ತಾರೆ, ಕಲಿತದ್ದನ್ನು ಹೇಗೆ ಬಿಡುತ್ತಾರೆ ಅನ್ನುವುದೇ ನನ್ನ ವಿಷಯ. ಅಂಥವಳ ಮನೆಯಲ್ಲೇ ಇಂಥದ್ದು ಇತ್ತು, ಮತ್ತು ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಆ ತಪ್ಪನ್ನೂ ಸೇರಿಸಿ, ಆಮೇಲೆ ಏನು ಮಾಡಿದೆವು ಅಂತ ಹೇಳುತ್ತೇನೆ. ಒಂದು ಮಾತು ಮೊದಲೇ: ನಾನು ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ. ದೊಡ್ಡಮ್ಮನಿಗೆ ಚಿಕಿತ್ಸೆ ಕೊಟ್ಟವರು ಬೇರೆ. ಮನೆಯಲ್ಲಿ ನಾವು ಮಾಡಿದ್ದು ಅವರನ್ನು ಕೇಳಿಕೊಂಡು ಮಾಡಿದ ಅಭ್ಯಾಸ.

ಹೆದರಿಕೆ ಎಲ್ಲಿ ಅಂಟಿಕೊಂಡಿದೆ ಅಂತ ಮೊದಲು ನೋಡಿ

ನಮ್ಮ ಲ್ಯಾಬಿನಲ್ಲಿ ನಡೆಯುವುದು ಇಷ್ಟೇ. ಒಬ್ಬರನ್ನು ಕಂಪ್ಯೂಟರ್ ಮುಂದೆ ಕೂರಿಸುತ್ತೇವೆ. ಎರಡು ಬೆರಳಿಗೆ ಬೆವರು ಅಳೆಯುವ ಪಟ್ಟಿ, ಮುಂಗೈಗೆ ಸಣ್ಣ ಶಾಕ್ ಕೊಡುವ ಇನ್ನೊಂದು ಪಟ್ಟಿ. ಶಾಕ್ ಎಷ್ಟಿರಬೇಕು ಅಂತ ಅವರೇ ಹೇಳುತ್ತಾರೆ. ಕಿರಿಕಿರಿ ಆಗಬೇಕು, ನೋವಾಗಬಾರದು. ಪರದೆ ಮೇಲೆ ಒಮ್ಮೆ ನೀಲಿ ಚೌಕ ಬರುತ್ತದೆ, ಒಮ್ಮೆ ಹಳದಿ ಚೌಕ. ನೀಲಿ ಬಂದಾಗ ಆಗಾಗ ಶಾಕ್. ಹಳದಿಗೆ ಯಾವತ್ತೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ನೀಲಿ ಕಂಡ ಕೂಡಲೇ ಬೆರಳು ಬೆವರಲು ಶುರುವಾಗುತ್ತದೆ. ಆಮೇಲೆ ಶಾಕ್ ನಿಲ್ಲಿಸಿ ನೀಲಿಯನ್ನೇ ಮತ್ತೆ ಮತ್ತೆ ತೋರಿಸುತ್ತೇವೆ. ಬೆವರು ಇಳಿಯುತ್ತದೆ. ಮನೆಗೆ ಕಳಿಸಿ ಮರುದಿನ ಬನ್ನಿ ಅನ್ನುತ್ತೇವೆ. ಮರುದಿನ ನೀಲಿ ತೋರಿಸಿದರೆ ಎಷ್ಟೋ ಜನರ ಬೆರಳು ಮತ್ತೆ ಬೆವರುತ್ತದೆ.

ಹಾಗಾದರೆ ಹಿಂದಿನ ದಿನ ಹೆದರಿಕೆ ಹೋಗಿರಲೇ ಇಲ್ಲ ಅಂತಾಯ್ತು, ಅಲ್ವಾ? ಹೌದು. ಅದು ಅಳಿಸಿರಲಿಲ್ಲ. ಅದರ ಪಕ್ಕದಲ್ಲಿ ‘ಈಗ ಏನೂ ಇಲ್ಲ’ ಅನ್ನುವ ಇನ್ನೊಂದು ಪಾಠ ಬಂದು ಕೂತಿತ್ತು, ಅಷ್ಟೇ. ರಷ್ಯಾದ ವಿಜ್ಞಾನಿ ಪಾವ್ಲೋವ್ ತನ್ನ ನಾಯಿಗಳಲ್ಲಿ ಇದನ್ನು ನೂರು ವರ್ಷದ ಹಿಂದೆಯೇ ಕಂಡಿದ್ದ. ಅಮೆರಿಕದ ಮಾರ್ಕ್ ಬೌಟನ್ ಇಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಇನ್ನೊಂದನ್ನು ತೋರಿಸಿದರು. ಎರಡು ಪಾಠಗಳಲ್ಲಿ ಯಾವುದು ಮೇಲೆ ಬರುತ್ತದೆ ಅನ್ನುವುದು ಬಹಳ ಮಟ್ಟಿಗೆ ಜಾಗ ನೋಡಿಕೊಂಡು. ಒಂದು ಪೆಟ್ಟಿಗೆಯಲ್ಲಿ ಧೈರ್ಯ ಕಲಿತ ಇಲಿ ಇನ್ನೊಂದು ಪೆಟ್ಟಿಗೆಗೆ ಹೋದರೆ ಮತ್ತೆ ಹೆದರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಹಳದಿ ಚೌಕದ ಕಥೆ ಇನ್ನೂ ಮುಖ್ಯ. ದೊಡ್ಡ ಆಘಾತ ಆಗಿ ಅದರಿಂದ ಹೊರಗೆ ಬರಲಾರದೆ ಇರುವವರಲ್ಲಿ ಎಷ್ಟೋ ಜನಕ್ಕೆ ಹಳದಿ ಕಂಡರೂ ಬೆವರುತ್ತದೆ. ಅಪಾಯದ ಗುರುತನ್ನು ಎಲ್ಲರ ಹಾಗೆ ಅವರೂ ಕಲಿಯುತ್ತಾರೆ. ‘ಇದರಲ್ಲಿ ಅಪಾಯ ಇಲ್ಲ’ ಅನ್ನುವುದು ಮಾತ್ರ ಒಳಗೆ ಇಳಿಯುವುದಿಲ್ಲ.

ದೊಡ್ಡಮ್ಮನ ನೀಲಿ ಚೌಕ ಯಾವುದು, ಹಳದಿ ಯಾವುದು ಅಂತ ಬರೆಯಲು ನಮಗೆ ಒಂದು ವಾರ ಹಿಡಿಯಿತು. ಅತ್ತಿಗೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಹೋದರು. ಯಾವಾಗ ಎದ್ದು ಕೂತರು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು. ಶೀಟಿನ ಮೇಲಿನ ಮಳೆ ಶಬ್ದ ನಮಗೆ ಗೊತ್ತೇ ಇತ್ತು. ಕರೆಂಟ್ ಹೋಗುವುದು ಇತ್ತು. ಟಿವಿಯಲ್ಲಿ ರೆಡ್ ಅಲರ್ಟ್ ಅಂತ ಹೇಳುವ ದನಿ. ಜೆಸಿಬಿ ಶಬ್ದ. ಹೊಸದಾಗಿ ಅಗೆದ ಕೆಂಪು ಮಣ್ಣಿನ ವಾಸನೆ. ಆಮೇಲೆ, ನಾವು ಯಾರೂ ಊಹಿಸದೆ ಇದ್ದದ್ದು, ಕಾದ ಎಣ್ಣೆಗೆ ಹಪ್ಪಳ ಬಿಟ್ಟಾಗ ಬರುವ ಚರ್ ಅನ್ನುವ ಸದ್ದು. ಹಪ್ಪಳ ಕರಿಯುವಾಗ ಅವರು ಸುಮ್ನೆ ಎದ್ದು ಅಂಗಳಕ್ಕೆ ಹೋಗುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಅದುವರೆಗೆ ಎಣ್ಣೆ ಹೊಗೆ ಆಗುವುದಿಲ್ಲವೇನೋ ಅಂದುಕೊಂಡಿದ್ದೆವು.

ನೀವೂ ಹೀಗೇ ಮಾಡಿ. ಅವರನ್ನು ಕೂರಿಸಿ ವಿಚಾರಣೆ ಮಾಡಬೇಡಿ. ಒಂದು ವಾರ ಸುಮ್ನೆ ನೋಡಿ, ಬರೆದಿಡಿ. ಆಮೇಲೆ ಬರೆದದ್ದನ್ನು ಅವರಿಗೇ ತೋರಿಸಿ. ದೊಡ್ಡಮ್ಮ ಅದನ್ನು ಓದಿ ನಕ್ಕುಬಿಟ್ಟರು. “ಹಪ್ಪಳಕ್ಕೂ ಹೆದರುತ್ತೇನಾ ನಾನು?” ಅಂದರು.

ಪಾವ್ಲೋವ್‌ನ ಇನ್ನೊಂದು ವಿಷಯ ಅವರಿಗೆ ಹೇಳಿದ್ದೆ. 1924ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ದೊಡ್ಡ ಪ್ರವಾಹ ಬಂತು. ಅವನ ನಾಯಿಗಳು ಗೂಡಿನೊಳಗೆ ಮುಳುಗುವಷ್ಟು ನೀರು ಏರಿತ್ತು. ಈಜಿಸಿಕೊಂಡು ಹೊರಗೆ ತಂದು ಉಳಿಸಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಕಲಿತದ್ದೆಲ್ಲ ತಪ್ಪಿಹೋಗಿತ್ತು. ನಿಧಾನಕ್ಕೆ ಸುಧಾರಿಸಿದ ಮೇಲೂ, ಬಾಗಿಲ ಕೆಳಗಿನಿಂದ ಸ್ವಲ್ಪ ನೀರು ಒಳಗೆ ಹರಿಯಲು ಬಿಟ್ಟರೆ ಸಾಕಿತ್ತು, ಮತ್ತೆ ಕಂಗಾಲಾಗುತ್ತಿದ್ದವು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. “ಪಾಪ, ನಾಯಿಗೂ ಹಾಗೆಯೇ ಆಗುತ್ತದಾ” ಅಂದರು. ತನಗೆ ಹುಚ್ಚು ಹಿಡಿದಿದೆ ಅಂತ ಅವರು ಒಳಗೊಳಗೇ ಅಂದುಕೊಂಡಿದ್ದರು ಅನ್ನುವುದು ನನಗೆ ಗೊತ್ತಾದದ್ದು ಆವತ್ತು.

ನಿಜವಾದ ಅಪಾಯ ಬೇರೆ ಮಾಡಿ

ಹೊರದೇಶದ ಪುಸ್ತಕಗಳನ್ನು ಓದಿ ಬಂದವರು ಕೊಡಗಿನಲ್ಲಿ ಎಡವುವುದು ಇಲ್ಲಿ. ನಾನೂ ಎಡವಿದೆ. ಲ್ಯಾಬಿನಲ್ಲಿ ಶಾಕ್ ಮುಗಿದರೆ ಮುಗಿಯಿತು. ನಮ್ಮಲ್ಲಿ ಮಳೆ ಮುಗಿಯುವುದಿಲ್ಲ. 2018 ಆದ ಮೇಲೆ 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಜರಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಬರೆ ಕೆಳಗಿನ ಮನೆಯಲ್ಲಿ ಕೂತವರಿಗೆ ‘ಮಳೆಗೆ ಹೆದರಬೇಡಿ’ ಅನ್ನುವುದು ಬುದ್ಧಿವಾದ ಅಲ್ಲ, ಅಪರಾಧ.

ಹಾಗಾಗಿ ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಒಂದು ಕಡೆ, ನೋಡಿದ ಕೂಡಲೇ ಮನೆ ಬಿಡಬೇಕಾದ ಗುರುತುಗಳು. ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು. ನಿನ್ನೆವರೆಗೆ ಸರಿಯಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಸಿಕ್ಕಿಕೊಳ್ಳುವುದು. ಮರ, ಕರೆಂಟ್ ಕಂಬ ವಾಲುವುದು. ಇಲ್ಲದ ಕಡೆ ಹೊಸ ಒರತೆ ಏಳುವುದು. ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕೆಸರಾಗುವುದು, ಅಥವಾ ಜೋರು ಮಳೆಯಲ್ಲೂ ಕಡಿಮೆ ಆಗುವುದು. ಅಧಿಕಾರಿಗಳು ಬಂದು ಜಾಗ ಬಿಡಿ ಅನ್ನುವುದು. ಇವಕ್ಕೆ ಹೆದರಲೇಬೇಕು. ಇವುಗಳ ಮೇಲೆ ಯಾವ ಅಭ್ಯಾಸವೂ ಬೇಡ.

ಇನ್ನೊಂದು ಕಡೆ, ಆ ರಾತ್ರಿಗೆ ಅಂಟಿಕೊಂಡು ಬಂದ ಬೇರೆ ಎಲ್ಲ. ಶೀಟಿನ ಶಬ್ದ, ಕರೆಂಟ್ ಹೋಗುವುದು, ಹಪ್ಪಳ, ಜೆಸಿಬಿ. ನಮ್ಮ ಕೆಲಸ ಇವುಗಳ ಜೊತೆ ಮಾತ್ರ.

ಈ ಹಾಳೆ ಗೋಡೆಗೆ ಅಂಟಿಸಿದ ಮೇಲೆ ದೊಡ್ಡಮ್ಮ ಸ್ವಲ್ಪ ಸಡಿಲವಾದರು. ಯಾಕೆಂದರೆ ‘ನಿಮ್ಮ ಹೆದರಿಕೆ ಪೂರಾ ಸುಳ್ಳು’ ಅಂತ ನಾವು ಹೇಳಲಿಲ್ಲ. ಅರ್ಧ ಸರಿ ಅಂತ ಒಪ್ಪಿಕೊಂಡೆವು. ಚೀಲವನ್ನೂ ತೆಗೆಯಲಿಲ್ಲ. ಮಂಚದ ಕಾಲಿನಿಂದ ಬಿಚ್ಚಿ ಬೀರುವಿನಲ್ಲಿ ಇಟ್ಟೆವು, ಅಷ್ಟೇ. ಮಳೆಗಾಲದಲ್ಲಿ ಕೊಡಗಿನ ಪ್ರತಿ ಮನೆಯಲ್ಲೂ ಅಂಥ ಒಂದು ಚೀಲ ಇರಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸಿದ್ದಾಪುರದ ಗೆಳತಿಯೊಬ್ಬಳು ಇದನ್ನೆಲ್ಲ ಕೇಳಿ, ಆನೆ ಹೆದರಿಕೆಗೂ ಇದೇ ಮದ್ದಾ ಅಂದಳು. ಮುಸ್ಸಂಜೆ ತೋಟದೊಳಗೆ ನಡೆಯುವ ಹೆದರಿಕೆಗೆ ಅಲ್ಲ, ಅಲ್ಲಿ ಆನೆ ನಿಜವಾಗಿಯೂ ಇರುತ್ತದೆ ಮಾರಾಯ್ತಿ! ಆನೆ ಎದುರಾದ ಮೇಲೆ ಪೇಟೆಯಲ್ಲೂ ಬಸ್ಸಿನ ಹಾರನ್‌ಗೆ ಬೆಚ್ಚುತ್ತಿದ್ದರೆ, ಅದಕ್ಕೆ ಆಗಬಹುದು.

ಹೆದರಿಕೆಗೆ ಒಂದು ಅಳತೆ

ಸೊನ್ನೆಯಿಂದ ಹತ್ತರೊಳಗೆ ಎಷ್ಟು ಹೆದರಿಕೆ ಅಂತ ಕೇಳುವುದು ನಮ್ಮ ಪದ್ಧತಿ. ದೊಡ್ಡಮ್ಮನಿಗೆ ಅದು ಹಿಡಿಸಲಿಲ್ಲ. “ಪರೀಕ್ಷೆ ಮಾರ್ಕಾ ಇದು?” ಅಂದರು. ಎರಡು ದಿನ ಬಿಟ್ಟು ಅವರೇ ಒಂದು ದಾರಿ ಹೇಳಿದರು. ತೋಟದವರ ಮನೆಯಲ್ಲಿ ಮಳೆ ಮಾಪಕದ ನೀರು ಅಳೆದು ದಿನಾ ಇಂಚಿನಲ್ಲಿ ಬರೆದಿಡುವುದು ಇದ್ದದ್ದೇ. ದೊಡ್ಡಪ್ಪ ಇರುವವರೆಗೆ ಅವರು ಬರೆಯುತ್ತಿದ್ದರು, ಆಮೇಲೆ ದೊಡ್ಡಮ್ಮ. ಹೆದರಿಕೆಯನ್ನೂ ಇಂಚಿನಲ್ಲೇ ಹೇಳುತ್ತೇನೆ ಅಂದರು. ಒಂದು ಇಂಚು ಅಂದರೆ ಹೊರಗೆ ಹೋಗಿ ಬರಬಹುದು. ನಾಲ್ಕು ಇಂಚು ಅಂದರೆ ಕೆಲಸ ಮಾಡಲು ಆಗುವುದಿಲ್ಲ. ಎಂಟು ಇಂಚು ಅಂದರೆ ರೆಡ್ ಅಲರ್ಟ್. (ಲೆಕ್ಕವೂ ಸರಿಯೇ ಇದೆ. ದಿನಕ್ಕೆ 204 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಅತಿ ಹೆಚ್ಚು ಭಾರೀ ಮಳೆ ಅನ್ನುತ್ತದೆ. ಅದು ಎಂಟು ಇಂಚು.) ಅವತ್ತಿನಿಂದ ಮನೆಯಲ್ಲಿ “ಈಗ ಎಷ್ಟು ಇಂಚು ದೊಡ್ಡಮ್ಮ?” ಅಂತ ಕೇಳುವುದು ರೂಢಿ ಆಯ್ತು. ನಿಮ್ಮ ಮನೆಯವರಿಗೆ ಹೊಂದುವ ಅಳತೆ ಯಾವುದು ಅಂತ ಅವರನ್ನೇ ಕೇಳಿ.

ಮೆಟ್ಟಿಲು ಕಟ್ಟುವುದು

ಈಗ ನನ್ನ ತಪ್ಪು. 2019ರ ಜನವರಿಯಲ್ಲಿ, ಯಾರನ್ನೂ ಕೇಳದೆ, ದೊಡ್ಡಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಹಳೇ ಜಾಗಕ್ಕೆ ಹೋದೆ. ಒಮ್ಮೆ ನೋಡಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಗುಡ್ಡದ ಮೈ ಕೆಂಪಗೆ ಸುಲಿದು ನಿಂತಿತ್ತು. ದೊಡ್ಡಮ್ಮ ಕಾರಿನಿಂದ ಇಳಿಯಲಿಲ್ಲ. ಕೈ ತಣ್ಣಗೆ, ಮುಖದಲ್ಲಿ ಬೆವರು. ಹತ್ತು ನಿಮಿಷದಲ್ಲಿ ವಾಪಸ್ ತಿರುಗಿಸಿದೆ. ಹೆದರಿಕೆ ನೆತ್ತಿಗೇರಿದ ಹೊತ್ತಿನಲ್ಲಿ ಓಡಿ ಬಂದರೆ ತಲೆ ಕಲಿಯುವ ಪಾಠ ಒಂದೇ: ‘ಓಡಿದ್ದಕ್ಕೆ ಉಳಿದೆ.’ ಇದನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಮನೆಯಲ್ಲಿ ಮರೆತೆ. ಆಮೇಲೆ ಎರಡು ತಿಂಗಳು ಅವರು ನನ್ನ ಕಾರು ಹತ್ತಲಿಲ್ಲ.

ಸರಿಯಾದ ದಾರಿ ಹಳೆಯದು. 1924ರಲ್ಲೇ ಮೇರಿ ಕವರ್ ಜೋನ್ಸ್ ಅನ್ನುವವರು ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲದ ಪಂಜರವನ್ನು ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿಸಿದ. ನಾವು ಮೆಟ್ಟಿಲು ಅನ್ನುವುದು ಇದನ್ನೇ.

ನಮ್ಮ ಮೊದಲ ಮೆಟ್ಟಿಲು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಮಳೆ. ತುಂಬಾ ಸಣ್ಣ ದನಿಯಲ್ಲಿ, ಬೆಳಗ್ಗೆ, ಅಡುಗೆಮನೆಯಲ್ಲಿ, ಕಾಫಿ ಮಾಡುವಾಗ. ಎರಡು ಇಂಚು ಅಂದರು. ನಾಲ್ಕೈದು ದಿನದಲ್ಲಿ ದನಿ ಜಾಸ್ತಿ ಮಾಡಿದೆವು.

ಎರಡನೆಯದು ನಮ್ಮ ಅಣ್ಣನ ತಲೆಗೆ ಹೊಳೆದದ್ದು. ಗಿಡಕ್ಕೆ ನೀರು ಬಿಡುವ ಪೈಪಿಗೆ ಶವರಿನ ಹಾಗಿನ ಬಾಯಿ ಸಿಕ್ಕಿಸಿ ಶೀಟಿನ ಮೇಲೆ ಬಿಡುವುದು! ಬಿಸಿಲಿನಲ್ಲಿ, ಮಾರ್ಚ್‌ನಲ್ಲಿ. ದೊಡ್ಡಮ್ಮ ಶೀಟಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾನು ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತೆ. ಅಣ್ಣ ಹೊರಗೆ ನಿಂತು ಪೈಪ್ ಹಿಡಿದ.

ನೀರು ಬಿಡುವ ಮುಂಚೆ ನಾನು ಕೇಳಿದ್ದು ಒಂದೇ ಪ್ರಶ್ನೆ. “ಏನಾಗುತ್ತೆ ಅಂತ ಅನ್ನಿಸ್ತಾ ಇದೆ?” ದೊಡ್ಡಮ್ಮ ಅಂದರು, “ಐದು ನಿಮಿಷ ಆಗುವುದರೊಳಗೆ ಹಿಂದಿನಿಂದ ಗುಡುಗಿದ ಹಾಗೆ ಶಬ್ದ ಬರುತ್ತೆ. ಆಮೇಲೆ ನನಗೆ ಉಸಿರು ಸಿಕ್ಕುವುದಿಲ್ಲ.” ಅದನ್ನು ಅವರ ಮಾತಲ್ಲೇ ಕ್ಯಾಲೆಂಡರಿನ ಹಿಂದೆ ಬರೆದೆ. ಅಣ್ಣ ನೀರು ಬಿಟ್ಟ. ಐದು ಇಂಚು. ಆರು. ಅವರ ಕೈ ನನ್ನ ಮಂಡಿ ಹಿಡಿಯಿತು. ನಾನು ಏನೂ ಮಾತಾಡಲಿಲ್ಲ. ಏಳು ನಿಮಿಷಕ್ಕೆ ಕೈ ಸ್ವಲ್ಪ ಸಡಿಲವಾಯಿತು. ಹದಿನೈದು ನಿಮಿಷಕ್ಕೆ ಮೊರವನ್ನು ಅವರೇ ಎಳೆದುಕೊಂಡು, “ನೀನು ಕಲ್ಲನ್ನೆಲ್ಲ ಬಿಟ್ಟಿದ್ದೀಯ” ಅಂದರು. ಆಮೇಲೆ ಬರೆದದ್ದನ್ನು ಓದಿದೆವು. ಶಬ್ದ ಬಂತಾ? ಇಲ್ಲ. ಉಸಿರು? ಕಟ್ಟಿದ ಹಾಗಾಯಿತು, ಆದರೆ ನಿಲ್ಲಲಿಲ್ಲ.

ಬರೆದಿಡುವುದು ಯಾಕೆ ಅಂದರೆ, ತಲೆ ಹೊಸದನ್ನು ಕಲಿಯುವುದು ಅಂದುಕೊಂಡದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ಬಂದಾಗ. 1972ರಲ್ಲಿ ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಇದನ್ನು ಒಂದು ಸಮೀಕರಣವಾಗಿಯೇ ಬರೆದರು. ಈಗ ಮಿಷೆಲ್ ಕ್ರಾಸ್ಕ್ ಅವರಂಥ ಸಂಶೋಧಕರು ಚಿಕಿತ್ಸೆಯಲ್ಲೂ ಅದನ್ನೇ ಒತ್ತಿ ಹೇಳುತ್ತಾರೆ. ಹೆದರಿಕೆ ಪೂರಾ ಇಳಿಯಲೇಬೇಕು ಅಂತೇನಿಲ್ಲ. ಅಂದುಕೊಂಡ ಕೆಟ್ಟದ್ದು ಆಗಲಿಲ್ಲ ಅನ್ನುವುದು ಎದ್ದು ಕಾಣಬೇಕು. ಆರು ಇಂಚಿಗೆ ಶುರುವಾಗಿ ನಾಲ್ಕಕ್ಕೆ ನಿಂತರೂ ಅವತ್ತಿನ ಕೆಲಸ ಆಯಿತು ಅಂತಲೇ ಲೆಕ್ಕ.

ಮೂರನೆಯದು ಏಪ್ರಿಲ್‌ನ ಹೂ ಮಳೆ. ಇದು ಕೊಡಗಿನವರಿಗೆ ಸಿಕ್ಕ ಒಂದು ಅನುಕೂಲ. ಕಾಫಿ ಹೂವಾಗಲು ಕಾದು ಕೂತು ಬೇಡಿಕೊಳ್ಳುವ ಮಳೆ ಅದು. ಅದಕ್ಕೆ ಹೆದರುವುದು ಕಷ್ಟ. ದೊಡ್ಡಮ್ಮ ಶೀಟಿನ ಕೆಳಗೆ ನಿಂತು, “ಇನ್ನರ್ಧ ಇಂಚು ಬಂದರೆ ಸಾಕಿತ್ತು” ಅಂದರು. ಈ ಸಲ ಮಳೆಯ ಇಂಚು!

ಆಮೇಲೆ ಕ್ರಮ ತಪ್ಪಿತು. ಜೂನ್‌ನ ನಿಜವಾದ ಮಳೆಯಲ್ಲಿ ಹಗಲು ಕೂರುವುದು, ಚಪ್ಪಲಿ ಬಿಚ್ಚಿ ಮಲಗುವುದು, ಮಳೆಯಲ್ಲಿ ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ ಬರುವುದು, ಎಲ್ಲ ಹಿಂದೆ ಮುಂದೆ ಆಯಿತು. ಅದರಿಂದ ನಷ್ಟ ಏನೂ ಆಗಲಿಲ್ಲ. ಚಪ್ಪಲಿಯೇ ಎಲ್ಲಕ್ಕಿಂತ ಕಷ್ಟವಾದದ್ದು. ಮೊದಲು ಮಂಚದ ಕೆಳಗೆ, ಆಮೇಲೆ ಕೋಣೆ ಬಾಗಿಲಲ್ಲಿ, ಆಮೇಲೆ ಹೊರಗೆ. ಮೂರು ವಾರ ಹಿಡಿಯಿತು. ಹಳೇ ಜಾಗಕ್ಕೆ ಮತ್ತೆ ಹೋದದ್ದು ಮುಂದಿನ ವರ್ಷ, ಬಿಸಿಲಿನಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ. ಜರಿದ ಮಣ್ಣಿನ ಕೆಳಗೆ ನಾವು ಹೋಗಲಿಲ್ಲ. ರಸ್ತೆಯಲ್ಲೇ ನಿಂತು ನೋಡಿದೆವು. ಮಳೆಗಾಲದಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಿಮ್ಮ ಪಟ್ಟಿಯಲ್ಲೂ ಇರಬಾರದು.

ಪಕ್ಕದಲ್ಲಿ ಕೂತವರು ಮಾಡಬೇಕಾದ್ದು, ಮಾಡಬಾರದ್ದು

“ಏನೂ ಆಗಲ್ಲ, ಸುಮ್ನಿರಿ” ಅನ್ನಬೇಡಿ. ಈ ಮಾತನ್ನು ದೊಡ್ಡಮ್ಮ 2018ರ ಆ ಸಂಜೆಯೂ ಕೇಳಿದ್ದರು.

ಹೆದರಿಕೆ ಏರುತ್ತಿರುವಾಗ ಒಳಗೆ ಬನ್ನಿ ಅಂತ ಎಬ್ಬಿಸಬೇಡಿ. ಅವರೇ ಏಳಬೇಕು ಅಂದರೆ ತಡೆಯಲೂ ಬೇಡಿ. “ಇನ್ನೆರಡು ನಿಮಿಷ ನೋಡೋಣವಾ?” ಅಂತ ಕೇಳಬಹುದು. ಬೇಡ ಅಂದರೆ ಬೇಡ. ಮರುದಿನ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ. ಮೋಸ ಮಾಡಿ ಕೂರಿಸುವುದಂತೂ ಬೇಡವೇ ಬೇಡ. ಒಮ್ಮೆ ನಂಬಿಕೆ ಹೋದರೆ ಎಲ್ಲ ಹೋದಂತೆ. ಕಾರಿನ ವಿಷಯ ಹೇಳಿದೆನಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಹೆದರಿದವರಿಗೆ ಸಣ್ಣ ಸಣ್ಣ ಆಸರೆ ಇರುತ್ತವೆ. ದೊಡ್ಡಮ್ಮನಿಗೆ ಚಪ್ಪಲಿ, ಹತ್ತು ನಿಮಿಷಕ್ಕೊಮ್ಮೆ ಅಣ್ಣನಿಗೆ ಫೋನ್, ಕೈಯಲ್ಲಿ ಟಾರ್ಚ್. ಆಸರೆ ಇರುವಾಗ ಏನೂ ಆಗದಿದ್ದರೆ ಅದರ ಪುಣ್ಯ ಎಲ್ಲ ಚಪ್ಪಲಿಗೆ ಹೋಗುತ್ತದೆ. ‘ಚಪ್ಪಲಿ ಇದ್ದದ್ದಕ್ಕೆ ಬಚಾವಾದೆ’ ಅಂತ. ಹಾಗಾಗಿ ಒಂದೊಂದನ್ನೇ, ಅವರು ಒಪ್ಪಿದ ಮೇಲೆ, ಬಿಡಿಸಬೇಕು. ನಮ್ಮ ಮಳೆ ದೇವರು ಇಗ್ಗುತ್ತಪ್ಪನಿಗೆ ಕೈ ಮುಗಿಯುವುದೂ ಇದೇ ಪಟ್ಟಿಗೆ ಸೇರುತ್ತದಾ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ದೊಡ್ಡಮ್ಮನೇ ಪರಿಹಾರ ಹೇಳಿದರು. “ಕೂರುವ ಮುಂಚೆ ಬೇಡುವುದಿಲ್ಲ, ಮುಗಿದ ಮೇಲೆ ಕೈ ಮುಗಿಯುತ್ತೇನೆ. ದೇವರಿಗೆ ಬೇಜಾರಿಲ್ಲ.” ಚಿಕಿತ್ಸೆ ಕೊಡುತ್ತಿದ್ದವರು ಇದನ್ನು ಕೇಳಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಕ್ಕಳಿದ್ದರೆ, ಅವರು ಮರಳಿನಲ್ಲಿ ಗುಡ್ಡ ಜರಿಯುವ ಆಟ ಆಡಿದರೆ ಗದರಬೇಡಿ. ಎಷ್ಟೋ ಮಕ್ಕಳು ಆಡಿಯೇ ಹೊರಗೆ ಹಾಕುತ್ತಾರೆ. ದಿನಗಟ್ಟಲೆ ಒಂದೇ ಆಟ, ನಗುವೇ ಇಲ್ಲದೆ, ನಿದ್ದೆಯೂ ಕೆಟ್ಟು ಹೋಗಿದೆ ಅಂದರೆ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಮಾಡಬಾರದ ಕೆಲಸ

ಶಬ್ದ, ವಾಸನೆ, ಚಪ್ಪಲಿ, ಇವೆಲ್ಲ ಮನೆಯಲ್ಲಿ ಆಗುತ್ತವೆ. ಆ ರಾತ್ರಿಯ ನೆನಪನ್ನೇ ಮೊದಲಿಂದ ಕೊನೆವರೆಗೆ ಬಿಚ್ಚಿ ಹೇಳಿಸುವ ಕೆಲಸ ಇದೆಯಲ್ಲ, ಅದು ಬೇಡ. ಅದು ತರಬೇತಿ ಆದವರ ಕೈಯಲ್ಲಿ ಆಗಬೇಕು. ಮನಃಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆ ಇದಕ್ಕೆಂದೇ ಇದೆ. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದು ಭೇಟಿ ಸುಮಾರು ಒಂದೂವರೆ ಗಂಟೆ. ದೊಡ್ಡಮ್ಮ ಮೈಸೂರಿಗೆ ಹನ್ನೊಂದು ಸಲ ಬಂದರು.

ಅವಘಡ ಆದ ಹೊಸದರಲ್ಲಂತೂ ಯಾರನ್ನೂ ‘ಏನಾಯ್ತು ಹೇಳಿ’ ಅಂತ ಒತ್ತಾಯ ಮಾಡಬಾರದು. ಪರಿಹಾರ ಕೇಂದ್ರದಲ್ಲಿ ದೊಡ್ಡಮ್ಮನಿಂದ ಒಂದೇ ದಿನ ನಾಲ್ಕು ಜನ ಕಥೆ ಹೇಳಿಸಿದ್ದರು. ಒಬ್ಬರ ಕೈಯಲ್ಲಿ ಕ್ಯಾಮೆರಾ. ಹಾಗೆ ಎಲ್ಲರನ್ನೂ ಕೂರಿಸಿ ಒಮ್ಮೆಲೇ ಮನಸ್ಸು ಬಿಚ್ಚಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ಆ ಹೊತ್ತಿಗೆ ಬೇಕಾದ್ದು ಒಣ ಬಟ್ಟೆ, ಬಿಸಿ ಅನ್ನ, ತಮ್ಮವರು ಎಲ್ಲಿದ್ದಾರೆ ಅನ್ನುವ ಸುದ್ದಿ, ಮಲಗಲು ಜಾಗ. ಹೇಳಬೇಕು ಅನ್ನಿಸಿ ತಾವೇ ಹೇಳಿದರೆ ಕೇಳಿಸಿಕೊಳ್ಳಿ.

ನಿದ್ದೆ ಬರಲಿ ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಕೊಡುವುದೂ ಬೇಡ. ಮೊದಲ ಒಂದು ತಿಂಗಳು ಇಂಥ ತೊಂದರೆಗೆ ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆ ಕೊಡಬಾರದು ಅಂತ 2013ರಲ್ಲೇ ಅದೇ ಸಂಸ್ಥೆ ಹೇಳಿದೆ. ಡಾಕ್ಟರ್ ಬರೆದುಕೊಟ್ಟು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸಬಾರದು, ಅವರನ್ನೇ ಕೇಳಿ. ಗಂಡಸರ ವಿಷಯದಲ್ಲಿ ಮಾತ್ರೆಗಿಂತ ಬಾಟಲಿಯ ಕಾಟ ಜಾಸ್ತಿ. ನಮ್ಮ ಕಡೆ ಮಳೆಗಾಲದಲ್ಲಿ ಎರಡು ಪೆಗ್ ಹಾಕುವುದನ್ನು ಯಾರೂ ತಪ್ಪು ಅನ್ನುವುದಿಲ್ಲ. ಎರಡು ನಾಲ್ಕಾಗಿ, ಬೆಳಗ್ಗೆಯೇ ಶುರುವಾದರೆ ಅದು ಚಳಿಗೆ ಕುಡಿಯುವುದಲ್ಲ.

ಮೊದಲ ಕೆಲವು ವಾರ ಬೆಚ್ಚುವುದು, ನಿದ್ದೆ ಇಲ್ಲದಿರುವುದು ಎಲ್ಲರಿಗೂ ಇದ್ದದ್ದೇ. ಬಹಳಷ್ಟು ಜನ ತಾವಾಗಿಯೇ ಸುಧಾರಿಸುತ್ತಾರೆ. ಒಂದು ತಿಂಗಳು ದಾಟಿದ ಮೇಲೂ ಆ ದೃಶ್ಯ ತಾನಾಗಿ ಕಣ್ಣ ಮುಂದೆ ಬರುವುದು, ಅದನ್ನು ನೆನಪಿಸುವ ಜಾಗ, ಮಾತು ಎಲ್ಲವನ್ನೂ ತಪ್ಪಿಸಿಕೊಳ್ಳುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಸದಾ ಕಿವಿ ನಿಮಿರಿಸಿಕೊಂಡು ಇರುವುದು, ಇವೆಲ್ಲ ಒಟ್ಟಿಗೆ ಇದ್ದು ದಿನದ ಕೆಲಸ ಕೆಟ್ಟರೆ ಅದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ. ವೈದ್ಯಕೀಯದಲ್ಲಿ ಈ ಹೆಸರು ಅಧಿಕೃತವಾಗಿ ಬಂದದ್ದು 1980ರಲ್ಲಿ. ಇದಕ್ಕೆ ಚಿಕಿತ್ಸೆ ಇದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತು ಬಂದರೆ ಮೆಟ್ಟಿಲು, ಇಂಚು ಎಲ್ಲ ಪಕ್ಕಕ್ಕಿಟ್ಟು, ಅವರನ್ನು ಒಬ್ಬರೇ ಬಿಡದೆ, ಅವತ್ತೇ ಕರೆದುಕೊಂಡು ಹೋಗಿ.

ವಾಪಸ್ ಬಂದಾಗ

ಬರುತ್ತದೆ. ನೀಲಿ ಚೌಕ ನೆನಪಿದೆಯಲ್ಲ? ಒಂದೇ ಜಾಗದಲ್ಲಿ ಕಲಿತ ಧೈರ್ಯ ಅಲ್ಲೇ ಉಳಿಯುತ್ತದೆ. ಅದಕ್ಕೇ ನಾವು ಕುಶಾಲನಗರದ ಶೀಟು ಮುಗಿಸಿ ಸೋಮವಾರಪೇಟೆಯಲ್ಲಿ ಚಿಕ್ಕಮ್ಮನ ಮನೆ, ಮೈಸೂರಿನಲ್ಲಿ ನನ್ನ ಮನೆ, ಒಮ್ಮೆ ಮಡಿಕೇರಿ ಬಸ್ ಸ್ಟ್ಯಾಂಡು, ಹೀಗೆ ಜಾಗ ಬದಲಿಸಿದೆವು. ಹಗಲು, ರಾತ್ರಿ, ಒಬ್ಬರೇ, ಜೊತೆಯಲ್ಲಿ. ಹೂ ಮಳೆಯಲ್ಲಿ ಕಲಿತದ್ದು ಆಗಸ್ಟ್‌ಗೆ ಸಾಲುವುದಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಮತ್ತೆ ಕೂರಬೇಕು. ಮದ್ದು ಸೊಪ್ಪಿನ ಪಾಯಸ ಮಾಡಿ, ಬಟ್ಟಲು ಹಿಡಿದುಕೊಂಡು, ಶೀಟಿನ ಕೆಳಗೆ.

ಇಷ್ಟೆಲ್ಲ ಆದ ಮೇಲೆ 2024ರ ಜುಲೈ 30. ವಯನಾಡಿನ ಮುಂಡಕ್ಕೈ, ಚೂರಲ್ಮಲ. ಟಿವಿಯಲ್ಲಿ ಬೆಳಗಿನಿಂದ ಅದೇ ಕೆಂಪು ಮಣ್ಣು. ಅವತ್ತು ರಾತ್ರಿ ಅತ್ತಿಗೆ ಫೋನ್ ಮಾಡಿದರು. “ಚಪ್ಪಲಿ ಮತ್ತೆ ಹಾಕಿಕೊಂಡಿದ್ದಾರೆ.”

ನಾವು ಮಾಡಿದ್ದು ಇಷ್ಟು. ಟಿವಿ ಎರಡು ದಿನ ಬಂದ್. ಸುದ್ದಿ ಬೇಕಾದರೆ ಅಣ್ಣ ಸಂಜೆ ಒಂದು ಸಲ ಹೇಳುವುದು. ಗೋಡೆಯ ಹಾಳೆ ತೆಗೆದು, ಮನೆ ಸುತ್ತ ನಡೆದು, ಬಿರುಕು ಇದೆಯಾ, ಬಾಗಿಲು ಸರಿ ಹಾಕುತ್ತದಾ ಅಂತ ದೊಡ್ಡಮ್ಮನ ಜೊತೆಗೇ ನೋಡಿದ್ದು. ಮೂರನೇ ದಿನ ಮತ್ತೆ ಮೊಬೈಲಿನ ಮಳೆಯಿಂದ ಶುರು. ಮೊದಲ ಸಲ ಮೂರು ವಾರ ಹಿಡಿದ ಚಪ್ಪಲಿ ಈ ಸಲ ಐದೇ ದಿನಕ್ಕೆ ಬಾಗಿಲಾಚೆ ಹೋಯಿತು. ಪೈಪ್ ಬೇಕಾಗಲಿಲ್ಲ. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ಚೀಲ ಈಗಲೂ ಬೀರುವಿನಲ್ಲಿದೆ. ಜೂನ್ ಒಂದಕ್ಕೆ ದೊಡ್ಡಮ್ಮನೇ ತೆಗೆದು ಮಾತ್ರೆಯ ತಾರೀಕು ನೋಡುತ್ತಾರೆ, ಟಾರ್ಚಿನ ಸೆಲ್ ಬದಲಿಸುತ್ತಾರೆ. ಹೋದ ವರ್ಷ ಅದರಲ್ಲಿ ಒಂದು ಹೊಸ ಕಾಫಿ ಜಾಲರಿಯೂ ಇತ್ತು.